ಸಹಾಯ ಬೇಕು: ಹಿತ್ತಲಿನ ಹಳೇ ರೈಲು ಹಳಿಗೆ ಯಾರನ್ನು ಕೇಳಬೇಕು?

ನಮಸ್ಕಾರ. ನಾವಿರುವುದು ಅಮೆರಿಕದ ಓಹಾಯೋದಲ್ಲಿ. ಹಿತ್ತಲಿಗೆ ತಾಗಿಕೊಂಡೇ ಒಂದು ರೈಲು ಹಳಿ ಇದೆ. 6 ವರ್ಷದಲ್ಲಿ ಒಂದು ಗೂಡ್ಸ್ ಗಾಡಿಯನ್ನೂ ನೋಡಿಲ್ಲ. ಸ್ಲೀಪರ್‌ಗಳ ನಡುವೆ ನನ್ನೆತ್ತರದ ಗಿಡ ಬೆಳೆದಿದೆ. ಹಳಿ ಕೆಳಗಿನ ಮೋರಿ ಕಟ್ಟಿಕೊಂಡು, ಮಳೆ ಬಂದರೆ ನೀರೆಲ್ಲ ನಮ್ಮ ತೊಂಡೆ ಚಪ್ಪರಕ್ಕೇ.

ಕೌಂಟಿಯವರು 'ರೈಲು ನಮ್ಮದಲ್ಲ' ಅಂದರು. ರಾಜ್ಯದವರು ವಾಷಿಂಗ್ಟನ್ ಕಡೆ ಕೈ ತೋರಿಸಿದರು. ಹಳಿಯ ಒಡೆಯರಾದ ರೈಲು ಕಂಪನಿಗೆ 3 ಪತ್ರ ಬರೆದೆ, ಉತ್ತರವೇ ಇಲ್ಲ.

ಸುಮ್ನೆ ಕೂರಲಾರದೆ ಓದಿದೆ. ಹಳಿ ಕೈಬಿಡಲು, ಅಂದರೆ ಮಾರ್ಗವನ್ನು ಅಧಿಕೃತವಾಗಿ ಮುಚ್ಚಲು, ಒಪ್ಪಿಗೆ ಕೊಡುವುದು ಕೇಂದ್ರದ ಸರ್ಫೇಸ್ ಟ್ರಾನ್ಸ್‌ಪೋರ್ಟೇಶನ್ ಬೋರ್ಡ್. 2 ವರ್ಷ ಸ್ಥಳೀಯ ಸರಕು ಓಡದಿದ್ದರೆ ಕಂಪನಿ ಒಪ್ಪಿಗೆ ಪಡೆಯಲು ಸುಲಭದ ಕ್ರಮವೂ ಇದೆ. ರಾಜ್ಯಕ್ಕೆ ನೋಟಿಸ್ ಹೋಗುತ್ತದೆ, ಅದು ಅಭಿಪ್ರಾಯ ಹೇಳಬಹುದು, ತಡೆಯುವಂತಿಲ್ಲ. ಒಪ್ಪಿಗೆ ಸಿಕ್ಕರೂ ಸಾಲದು, 'ಕೈಬಿಟ್ಟೆವು' ಅಂತ ಕಂಪನಿ 1 ವರ್ಷದೊಳಗೆ ಬೋರ್ಡಿಗೆ ತಿಳಿಸಬೇಕು. ಆಮೇಲೆ ಜಮೀನು ಯಾರಿಗೆ ಅನ್ನುವುದಕ್ಕೆ ರಾಜ್ಯದ ಆಸ್ತಿ ಕಾನೂನು. ನಮ್ಮ ಹಳೇ ಪತ್ರದಲ್ಲಿ ರೈಲಿಗೆ ಕೊಟ್ಟಿದ್ದು ಬರೀ ದಾರಿಯ ಹಕ್ಕು, ಜಮೀನಲ್ಲ ಅಂತಿದೆ, ಹಾಗಾಗಿ ಹಳಿ ಕೈಬಿಟ್ಟರೆ ಜಾಗ ನಮಗೆ ಬರಬಹುದು. ಅಷ್ಟಕ್ಕೆ ಖುಷಿಪಡುವ ಹಾಗಿಲ್ಲ, ಕೇಂದ್ರದ ಟ್ರೇಲ್ಸ್ ಕಾಯ್ದೆಯ 1983ರ ತಿದ್ದುಪಡಿ ಪ್ರಕಾರ ಹಳಿಯ ಜಾಗವನ್ನು ಮುಂದೆ ರೈಲಿಗೆ ಬೇಕಾಗಬಹುದೆಂದು ಉಳಿಸಿಕೊಂಡು ಸದ್ಯಕ್ಕೆ ಸೈಕಲ್ ದಾರಿ ಮಾಡಿದರೆ ಕೈಬಿಟ್ಟ ಲೆಕ್ಕವೇ ಅಲ್ಲವಂತೆ!

ಬೋರ್ಡಿನ ಕಡತಗಳಲ್ಲಿ ಹುಡುಕಿದೆ. ನಮ್ಮ ಹಳಿಯ ಬಗ್ಗೆ ಒಂದು ಅರ್ಜಿಯೂ ಸಿಗಲಿಲ್ಲ. ಅಂದರೆ ಗಾಡಿ ಓಡದಿದ್ದರೂ ಕಾಗದದ ಮೇಲೆ ಅದಿನ್ನೂ ಜೀವಂತ, ಅಲ್ವಾ? ಕಂಪನಿ ಅಲ್ಲದವರೂ ಕೈಬಿಡಿಸಲು ಅರ್ಜಿ ಹಾಕಬಹುದಂತೆ, ಆದರೆ ಅದಕ್ಕೆ ಖರ್ಚು ಜಾಸ್ತಿ. ನನಗೆ ಬೇಕಿರುವುದು ಮೋರಿ ಬಿಡಿಸುವುದಷ್ಟೇ.

ಇಂಥ ಹಳಿಯ ಮೋರಿಗಾಗಿ ನೇರ ರಾಜ್ಯದ ಕೋರ್ಟಿಗೆ ಹೋಗಬಹುದೇ, ಇಲ್ಲ ಮೊದಲು ಬೋರ್ಡನ್ನೇ ಕೇಳಬೇಕೇ? ಹೀಗೆ ಮಾಡಿ ನೋಡಿದವರು ಯಾರಾದರೂ ಇದ್ದೀರಾ?