ಪದಚರ್ಚೆ: ‘ಕಲಿಕಾ ಫಲ’ ಎಂಬುದನ್ನು ಪೋಷಕರಿಗೆ ಏನೆಂದು ಹೇಳೋಣ?

ಎಲ್ಲರಿಗೂ ನಮಸ್ಕಾರ.

ಕೊಡಗಿನ ಸುಂಟಿಕೊಪ್ಪದ ಹತ್ತಿರದ ಒಂದು ಸರ್ಕಾರಿ ಶಾಲೆಯ ಪೋಷಕರ ಸಭೆಗೆ ಒಂದು ಪುಟದ ಕರಪತ್ರ ಬರೆದುಕೊಡುವ ಕೆಲಸ ಒಪ್ಪಿಕೊಂಡಿದ್ದೇನೆ. (ಧಾರವಾಡದ ಕಡೆಯವರು ‘ಪಾಲಕರು’ ಎಂದು ಓದಿಕೊಳ್ಳಿ.) ಮೂರನೇ ತರಗತಿ ಮುಗಿಯುವ ಹೊತ್ತಿಗೆ ಮಗುವಿಗೆ ಏನೇನು ಬರಬೇಕು, ಅದಕ್ಕೆ ಮನೆಯವರು ಏನು ಮಾಡಬಹುದು, ಇಷ್ಟೇ ವಿಷಯ. ಆದರೆ ಶಾಲೆಯವರು ನನ್ನ ಕೈಗಿಟ್ಟ ಕಾಗದಗಳ ತುಂಬ ಕಲಿಕಾ ಫಲ, ಕಲಿಕಾ ಮಾನದಂಡ, ಸಾಮರ್ಥ್ಯ, ಸಂಕಲನಾತ್ಮಕ ಮೌಲ್ಯಮಾಪನ. ಇವುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಲಿ, ಯಾವುದನ್ನು ಕೈಬಿಡಲಿ ಎಂದು ಬಲ್ಲವರು ಹೇಳಬೇಕು.

‘ಕಲಿಕಾ ಫಲ’ವೇ ದೊಡ್ಡ ತೊಡಕು. 2017ರಲ್ಲಿ ಕೇಂದ್ರದ ಶೈಕ್ಷಣಿಕ ಸಂಶೋಧನಾ ಸಂಸ್ಥೆ ಎನ್‌ಸಿಇಆರ್‌ಟಿ 1ರಿಂದ 8ನೇ ತರಗತಿವರೆಗೆ ಇವನ್ನು ತರಗತಿವಾರು ಬರೆದು ಕೊಟ್ಟಿತು. ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳಲ್ಲೂ ಅದೇ ವರ್ಷ ಸೇರಿದವು. ಪಾಠ ಎಷ್ಟು ಮುಗಿಯಿತು ಎಂದು ಕೇಳುವ ಬದಲು, ಪಾಠ ಆದ ಮೇಲೆ ಮಗುವಿಗೆ ಏನು ಮಾಡಲು ಬಂತು ಎಂದು ಕೇಳಬೇಕು ಎಂಬುದು ಅದರ ತಿರುಳು. ಒಳ್ಳೆಯ ವಿಚಾರವೇ. ಆದರೆ ‘ಈ ಕಲಿಕಾ ಫಲ ಇನ್ನೂ ಆಗಿಲ್ಲ’ ಎಂದು ಟೀಚರ್ ಹೇಳಿದಾಗ ಎದುರಿಗೆ ಕೂತಿದ್ದ ತಾಯಿ ಕೇಳಿದ್ದು, ‘ಹಾಗಾದ್ರೆ ಫೇಲಾ ಟೀಚರೇ?’ ಎಂದು. ನಗುವ ಮಾತಲ್ಲ. ನಮ್ಮಲ್ಲಿ, ಸಿದ್ದಾಪುರದ ಕಡೆಯಲ್ಲೂ, ಮನೆಯೊಳಗೆ ಮಲಯಾಳ ಆಡುವವರು ಬಹಳ ಮಂದಿ. ಮಲಯಾಳದಲ್ಲಿ ‘ಪರೀಕ್ಷಾಫಲಂ’ ಎಂದರೆ ಪರೀಕ್ಷೆಯ ರಿಸಲ್ಟೇ. ಕನ್ನಡದಲ್ಲಿ ‘ಫಲಿತಾಂಶ’ವೂ ಅಲ್ಲೇ ಪಕ್ಕದಲ್ಲಿ ಕೂತಿದೆ. ಹಾಗಾಗಿ ‘ಫಲ’ ಎಂದ ಕೂಡಲೇ ಪಾಸು, ಫೇಲು ನೆನಪಾಗುವುದು ಸಹಜ.

‘ಮಟ್ಟ’ ಹೇಗೆ ಎಂದು ನೋಡಿದೆ. 1990ರ ದಶಕದಲ್ಲಿ ‘ಕನಿಷ್ಠ ಕಲಿಕಾ ಮಟ್ಟ’ ಚಾಲ್ತಿಯಲ್ಲಿತ್ತು, ಹಳೆಯ ಮೇಷ್ಟ್ರುಗಳಿಗೆ ಗೊತ್ತು. ಆದರೆ ‘ನಿಮ್ಮ ಮಗ ಯಾವ ಮಟ್ಟದಲ್ಲಿದ್ದಾನೆ ನೋಡಿ’ ಎಂದು ಯಾರಿಗಾದರೂ ಹೇಳಿ ನೋಡಿ, ಜಗಳಕ್ಕೇ ಬಂದಾರು. ‘ಮಾನದಂಡ’ ಕಚೇರಿಯ ಕಾಗದಕ್ಕೆ ಸರಿ, ಕರಪತ್ರಕ್ಕೆ ಬೇಡ ಎಂದು ನಾನೇ ತೀರ್ಮಾನಿಸಿದ್ದೇನೆ.

ಇನ್ನು ‘ಸಂಕಲನಾತ್ಮಕ’, ಅಂದರೆ ಅರ್ಧ ವರ್ಷಕ್ಕೂ ವರ್ಷದ ಕೊನೆಗೂ ಒಟ್ಟಾರೆ ಕಲಿಕೆಯನ್ನು ಅಳೆಯುವುದು. ಗಣಿತ ಪುಸ್ತಕದಲ್ಲಿ ಸಂಕಲನ ಎಂದರೆ ಕೂಡುವ ಲೆಕ್ಕ, ವ್ಯವಕಲನ ಎಂದರೆ ಕಳೆಯುವ ಲೆಕ್ಕ. ಪ್ರಗತಿಪತ್ರದಲ್ಲಿ ಅದೇ ಮಗುವಿನ ‘ಸಂಕಲನಾತ್ಮಕ ಮೌಲ್ಯಮಾಪನ’ದ ಮುಂದೆ ‘ಬಿ’ ಎಂದಿದ್ದರೆ, ಮಗನಿಗೆ ಕೂಡುವುದರಲ್ಲಿ ತೊಂದರೆ ಎಂದು ಅಪ್ಪ ಓದಿಕೊಂಡರೆ ತಪ್ಪೇನು? ಟೀಚರುಗಳು ತಮ್ಮೊಳಗೆ, ನಡುನಡುವೆ ಮಾಡುವ ರೂಪಣಾತ್ಮಕ ಮೌಲ್ಯಮಾಪನವನ್ನೂ ಈ ಸಂಕಲನಾತ್ಮಕವನ್ನೂ ಎಫ್‌ಎ, ಎಸ್‌ಎ ಎಂದೇ ಮಾತಾಡಿಕೊಳ್ಳುತ್ತಾರೆ. ಅವರನ್ನು ಪಾರು ಮಾಡಿರುವುದು ಇಂಗ್ಲಿಷಿನ ಎರಡಕ್ಷರ, ಕನ್ನಡ ಪಾರಿಭಾಷಿಕವಲ್ಲ.

ನನಗೆ ಹೊಳೆದಿರುವ ದಾರಿ ಒಂದಿದೆ. ಕನ್ನಡದಲ್ಲಿ ಇಂಥದ್ದನ್ನು ಹೇಳಲು ನಾಮಪದವೇ ಬೇಕಿಲ್ಲ. ‘ಅವಳಿಗೆ ಓದಲು ಬರುತ್ತೆ’, ‘ಅವನಿಗೆ ಈಜು ಬರುತ್ತೆ’ ಎಂದು ದಿನವೂ ಆಡುತ್ತೇವೆ. ಚತುರ್ಥಿ ವಿಭಕ್ತಿಯ ಜೊತೆಗೆ ‘ಬರು’ ಸೇರಿದರೆ ಸಾಕು, ಇಡೀ ‘ಸಾಮರ್ಥ್ಯ’ ಅದರಲ್ಲಿ ಅಡಗಿದೆ. ಹಾಗಾಗಿ ಕರಪತ್ರದ ತಲೆಬರಹ ‘ಮೂರನೇ ಕ್ಲಾಸು ಮುಗಿಯುವಾಗ ಮಗುವಿಗೆ ಏನೇನು ಬರಬೇಕು’ ಎಂದಿಟ್ಟಿದ್ದೇನೆ.

ಆದರೆ ಇಲ್ಲೂ ಒಂದು ತೊಡಕಿದೆ, ನಿಮ್ಮ ಸಹಾಯ ಹೆಚ್ಚು ಬೇಕಾಗಿರುವುದು ಇಲ್ಲೇ. ‘ಮಗ್ಗಿ ಬರುತ್ತೆ’ ಎಂದರೆ ನಮ್ಮವರಿಗೆ ಬಾಯಿಪಾಠ ಬರುತ್ತೆ ಎಂದರ್ಥ. ಎನ್‌ಸಿಇಆರ್‌ಟಿ ಪಟ್ಟಿಯಲ್ಲಿ ಮೂರನೇ ತರಗತಿಗೆ ಇರುವುದು 2, 3, 4, 5 ಮತ್ತು 10ರ ಮಗ್ಗಿಯನ್ನು ತಾನೇ ಕಟ್ಟಿ, ದಿನನಿತ್ಯದ ಸಂದರ್ಭದಲ್ಲಿ ಬಳಸುವುದು. ಕೂಡುವುದೂ ಕಳೆಯುವುದೂ ಅಷ್ಟೇ: ಮೂರಂಕಿಯ ಸಂಖ್ಯೆಗಳಿಂದ, ಮೊತ್ತ 999 ಮೀರದಂತೆ, ನಿತ್ಯ ಜೀವನದ ಲೆಕ್ಕ ಬಿಡಿಸಬೇಕು. ಒಪ್ಪಿಸಲು ಬರುವುದಕ್ಕೂ ಬಳಸಲು ಬರುವುದಕ್ಕೂ ಇರುವ ಅಂತರವನ್ನು ‘ಬರುತ್ತೆ’ ಒಂದೇ ಹೇಳುವುದಿಲ್ಲ.

ಅದಕ್ಕೆ ಉದಾಹರಣೆಯ ಮೊರೆ ಹೋಗಿದ್ದೇನೆ. ರೊಬಸ್ಟಾ ಕಾಫಿ ಕೊಯ್ಲಿನ ದಿನಗಳಲ್ಲಿ ಸಂಜೆ ತೋಟದ ಕಣದಲ್ಲಿ ಹಣ್ಣು ತೂಗುತ್ತಾರೆ, ರೈಟರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆಯ) ಮಕ್ಕಳು ಅಲ್ಲೇ ಸುತ್ತಾಡುತ್ತಿರುತ್ತಾರೆ. ‘ಮೊದಲ ಚೀಲ 48 ಕೆ.ಜಿ., ಎರಡನೆಯದು 37. ಎಲ್ಲ ಸೇರಿ ಎಷ್ಟು? ನೂರಾಗಲು ಇನ್ನೆಷ್ಟು ಬೇಕು?’ ಎಂದು ಅಮ್ಮ ಕೇಳಲಿ. 85 ಎಂದು ಮಗು ಹೇಳಿದರೆ ‘ಹೇಗೆ ಗೊತ್ತಾಯ್ತು?’ ಎಂದು ಇನ್ನೊಂದು ಮಾತು ಕೇಳಲಿ. ಯರವರ ಮಾತಿನಲ್ಲೋ ಮಲಯಾಳದಲ್ಲೋ ತುಳುವಿನಲ್ಲೋ ಕೇಳಿದರೂ ಲೆಕ್ಕ ಕಲಿಕೆ ಆಗುತ್ತದೆ. ಇದನ್ನು ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಹಾಕಬೇಕೆಂದಿದ್ದೇನೆ. ‘ನಮಗೆ ಕನ್ನಡ ಸರಿಯಾಗಿ ಬರಲ್ಲ, ನಾವೇನು ಹೇಳಿಕೊಡೋದು’ ಎಂದು ಹಿಂದೆ ಸರಿಯುವವರೇ ಹೆಚ್ಚು.

ಓದಿನ ವಿಷಯದಲ್ಲಿ ನನಗೆ ಸಣ್ಣ ತಕರಾರಿದೆ. 2021ರಲ್ಲಿ ಶುರುವಾದ, ಚಿಕ್ಕ ತರಗತಿಗಳ ಓದು-ಲೆಕ್ಕಕ್ಕಾಗಿ ಇರುವ ಕೇಂದ್ರದ ಕಾರ್ಯಕ್ರಮ ನಿಪುಣ್ ಭಾರತ್ ಪ್ರಕಾರ ಮೂರನೇ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದ ಅರ್ಥಮಾಡಿಕೊಂಡು ಓದಬೇಕು. ಯಾವ ಭಾಷೆಯ 60 ಪದ? ‘ಹೋಗಿಬಿಟ್ಟಿದ್ದಾನಂತೆ’ ನಮಗೆ ಒಂದೇ ಪದ. ಇಂಗ್ಲಿಷಿನಲ್ಲಿ ಅದನ್ನೇ ಹೇಳಲು ಅರ್ಧ ಡಜನ್ ಬೇಕು. ಮೂರನೇ ತರಗತಿಯ ಮಕ್ಕಳ ಕಲಿಕೆಯನ್ನು ದೇಶದಾದ್ಯಂತ ಅಳೆದ 2022ರ ಬುನಾದಿ ಕಲಿಕಾ ಅಧ್ಯಯನದಲ್ಲಿ ಭಾಷೆಗೊಂದು ಅಳತೆ ಇಟ್ಟದ್ದು ಇದೇ ಕಾರಣಕ್ಕೆ ಇರಬೇಕು. ಕರಪತ್ರದಲ್ಲಂತೂ ಆ 60ನ್ನು ಹಾಕುವುದಿಲ್ಲ. ಹಾಕಿದರೆ ಅಪ್ಪಂದಿರು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಿಡಿದು ಕೂರುತ್ತಾರೆ, ಮಗು ಅರ್ಥ ಬಿಟ್ಟು ಓಡುತ್ತದೆ. ‘ಮೊದಲು ನೋಡದ ಒಂದು ಸಣ್ಣ ಕಥೆಯನ್ನು ತಡವರಿಸದೆ ಓದಿ, ಏನಾಯ್ತು ಎಂದು ತನ್ನ ಮಾತಿನಲ್ಲಿ ಹೇಳಲು ಬರಬೇಕು’ ಎಂದು ಬರೆದಿದ್ದೇನೆ. ಅದನ್ನು ಕೊಡವ ತಕ್ಕ್‌ನಲ್ಲೋ ಅರೆಭಾಷೆಯಲ್ಲೋ ಹೇಳಿದರೆ ಅರ್ಥವಾಗಿದೆ ಎಂದೇ ಲೆಕ್ಕ.

ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಯವರೆಗಿನ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿ-ಕಲಿಯವರು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರು ಮಾಡಿದಾಗಿನಿಂದ ‘ಕಲಿಕಾ ಏಣಿ’, ‘ಮೈಲಿಗಲ್ಲು’ ಎಂಬ ಪದ ಬಳಸುತ್ತ ಬಂದಿದ್ದಾರೆ. ಏಣಿ ನನಗೆ ಹಿಡಿಸಿದೆ. ಮಗು ಯಾವ ಮೆಟ್ಟಿಲಲ್ಲಿದೆ ಎಂದರೆ ಯಾರಿಗೂ ನೋವಾಗುವುದಿಲ್ಲ, ಮುಂದಿನ ಮೆಟ್ಟಿಲು ಕಣ್ಣೆದುರಿಗೇ ಇರುತ್ತದೆ. ಆದರೆ ನಾಲ್ಕನೇ ತರಗತಿಯಿಂದ ಮೇಲೆ ಆ ಏಣಿ ಇಲ್ಲವಲ್ಲ, ಅಲ್ಲಿಗೆ ಈ ಪದ ನಡೆಯುತ್ತದೆಯೇ?

ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವವರು ಯಾರಾದರೂ ಇದ್ದರೆ, ಸಭೆಯಲ್ಲಿ ‘ಕಲಿಕಾ ಫಲ’ವನ್ನು ಬಾಯಿಮಾತಿನಲ್ಲಿ ಏನೆನ್ನುತ್ತೀರಿ ತಿಳಿಸಿ. ‘ಸಂಕಲನಾತ್ಮಕ’ಕ್ಕೆ ‘ಅರ್ಧ ವರ್ಷದ ಪರೀಕ್ಷೆ’, ‘ವರ್ಷದ ಕೊನೆಯ ಪರೀಕ್ಷೆ’ ಎಂದರೆ ತಪ್ಪಾದೀತೇ? ‘ಬಾಯಿಗೆ ಬರುವುದು’ ಮತ್ತು ‘ಬಳಸಲು ಬರುವುದು’ ಇವನ್ನು ಬೇರೆ ಮಾಡಿ ತೋರಿಸುವ ಆಡುಮಾತು ನಿಮ್ಮ ಸೀಮೆಯಲ್ಲಿದ್ದರೆ, ಅದನ್ನು ಮೊದಲು ಬರೆಯಿರಿ. ಕೊಡವ ತಕ್ಕ್, ಅರೆಭಾಷೆ ಬಲ್ಲವರೂ ಸೇರಿಕೊಳ್ಳಿ. ತಲೆಬರಹವನ್ನು ಆ ಎರಡು ಮಾತುಗಳಲ್ಲೂ ಕೆಳಗೆ ಹಾಕುವ ಆಸೆಯಿದೆ.