ಏರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಕದಲುವುದಿಲ್ಲ: ಕ್ಲಚ್ ಲಿವರ್ ಇಲ್ಲದ ಎಟಿವಿ

ಆಲ್ದೂರು ತೋಟದವ

ಅರೇಬಿಕಾ ಕಾಫಿ ಕೊಯ್ಲು ಜೋರಾಗಿರುವ ಹೊತ್ತಿನಲ್ಲೇ ನಮ್ಮ ಎಟಿವಿ (ಹ್ಯಾಂಡಲ್ ಹಿಡಿದು ಓಡಿಸುವ, ಒರಟು ದಾರಿಯ ನಾಲ್ಕು ಚಕ್ರದ ಗಾಡಿ) ಕೈಕೊಟ್ಟಿದೆ. ಕೆಳಗಿನ ಬ್ಲಾಕಿನಿಂದ ಹಣ್ಣಿನ ಚೀಲಗಳನ್ನು ಟ್ರೇಲರಿನಲ್ಲಿ ಹೇರಿಕೊಂಡು, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಗೆ ಬರುವ ದಾರಿಯಲ್ಲಿ ಕಡಿದಾದ ಏರೊಂದಿದೆ. ಬೆಳಿಗ್ಗೆ ಮೊದಲ ಸಲ ಗಾಡಿ ಯಾವ ತಕರಾರೂ ಇಲ್ಲದೆ ಹತ್ತುತ್ತದೆ. ಬಿಸಿಲೇರಿ ಎಂಜಿನ್ ಚೆನ್ನಾಗಿ ಕಾದ ಮೇಲೆ ಅದೇ ಏರಿನ ನಡುವೆ ಎಂಜಿನ್ ಕೂಗತೊಡಗುತ್ತದೆ, ಗಾಡಿ ಮಾತ್ರ ಕದಲುವುದಿಲ್ಲ. ಆಕ್ಸಿಲರೇಟರ್ ಇನ್ನಷ್ಟು ಕೊಟ್ಟರೆ ಸದ್ದು ಹೆಚ್ಚುತ್ತದೆಯೇ ಹೊರತು ಎಳೆತ ಹೆಚ್ಚುವುದಿಲ್ಲ. ಆಳುಗಳು ಹಿಂದಿನಿಂದ ತಳ್ಳಬೇಕಾಗುತ್ತದೆ.

300 ಸಿಸಿ ಎಂಜಿನ್, ಆಮದಾಗಿ ಬಂದ ಹಳೆಯ ಗಾಡಿ. ಕ್ಲಚ್ ಲಿವರ್ ಇಲ್ಲ, ಆಟೋಮ್ಯಾಟಿಕ್. ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ಮಾತು ಅತ್ತಲೇ ಹೋಗುತ್ತದೆ. ಪೇಟೆಯ ಗ್ಯಾರೇಜೊಂದರಲ್ಲಿ ಕಾರ್ಬೊರೇಟರ್ ತೊಳೆಸಿ, ಪ್ಲಗ್ ಬದಲಿಸಿದ್ದಾಯಿತು. ಬಿಲ್ಲು ಬಂತು, ಗುಣ ಕಾಣಲಿಲ್ಲ. ತಿಳಿದವರು ದಯವಿಟ್ಟು ಬೇಗ ತಿಳಿಸಿ.

ಘಾಟಿ ಸವಾರ

ಇದರಲ್ಲಿ ಯೋಚಿಸುವಂಥದ್ದೇನೂ ಇಲ್ಲ, ಬೆಲ್ಟ್ ಹೋಗಿದೆ. ಲಿವರ್ ಇಲ್ಲದ ಎಟಿವಿ ಎಂದರೆ ಸಿವಿಟಿ, ಅಂದರೆ ಗೇರ್ ತಾನಾಗಿಯೇ ಬದಲಾಗುವ ಬೆಲ್ಟಿನ ಏರ್ಪಾಟು. ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿ ಒಂದು ಪುಲ್ಲಿ, ಅದರ ಹಿಂದೆ ಗೇರ್‌ಬಾಕ್ಸಿಗೆ ಸೇರಿದ ಇನ್ನೊಂದು ಪುಲ್ಲಿ, ಎರಡರ ನಡುವೆ ರಬ್ಬರ್ ಬೆಲ್ಟ್. ಎಂಜಿನ್ ವೇಗ ಹೆಚ್ಚಿದಂತೆ ಮುಂದಿನ ಪುಲ್ಲಿಯ ಎರಡು ತಟ್ಟೆಗಳು ಒಂದಕ್ಕೊಂದು ಹತ್ತಿರವಾಗಿ ಬೆಲ್ಟನ್ನು ಹೊರಕ್ಕೆ ತಳ್ಳುತ್ತವೆ, ಹಿಂದಿನ ಪುಲ್ಲಿಯ ತಟ್ಟೆಗಳು ಅಗಲವಾಗಿ ಬೆಲ್ಟ್ ಒಳಕ್ಕೆ ಇಳಿಯುತ್ತದೆ. ಗೇರ್ ಬದಲಾವಣೆ ಎಂದರೆ ಇಷ್ಟೇ. ಬೆಲ್ಟ್ ಸವೆದು ಅಗಲ ಕಡಿಮೆಯಾದರೆ, ಅಥವಾ ಅದರ ಬದಿ ಬಿಸಿಗೆ ಹೊಳಪುಗಟ್ಟಿದರೆ, ಭಾರ ಬಿದ್ದೊಡನೆ ಜಾರುತ್ತದೆ. ತಣ್ಣಗಿರುವಾಗ ಎಳೆದು ಬಿಸಿಯಾದಾಗ ಜಾರುವುದು ಇದರ ಲಕ್ಷಣವೇ. ಸುಟ್ಟ ರಬ್ಬರಿನ ವಾಸನೆ ಬರುತ್ತಿದೆಯೇ ನೋಡಿ.

ಸಕಲೇಶಪುರದ ಜೀಪಿನವ

ಬೆಲ್ಟ್ ಒಂದನ್ನೇ ಬದಲಿಸಿ ಕೈತೊಳೆದುಕೊಳ್ಳಬೇಡಿ. ಮುಂದಿನ ಪುಲ್ಲಿಯೊಳಗಿನ ರೋಲರ್‌ಗಳು ಒಂದು ಕಡೆ ಚಪ್ಪಟೆಯಾಗಿ ಸವೆದಿದ್ದರೆ ಹೊಸ ಬೆಲ್ಟ್ ಹಾಕಿಯೂ ಸುಖವಿಲ್ಲ. ನನ್ನ ಗಾಡಿಗೆ ರೋಲರ್, ಸ್ಪ್ರಿಂಗ್, ಬೆಲ್ಟ್ ಮೂರನ್ನೂ ಒಟ್ಟಿಗೆ ಹಾಕಿಸಿದ್ದೇನೆ. ಮುಂದೆ ವಿಂಚ್, ಹಿಂದೆ ಎರಡು ಆಕ್ಸಲಿನ ಟ್ರೇಲರ್, ಹಳ್ಳ ದಾಟಲೆಂದು ಗಾಳಿ ಸೇದುವ ಕೊಳವೆಯನ್ನು ಹ್ಯಾಂಡಲಿನ ಮಟ್ಟಕ್ಕೆ ಎತ್ತರಿಸಿದ್ದೇನೆ. ಬಿಸಿಲೆ ಘಾಟಿ ಕಡೆಯ ಕೆಸರಿನಲ್ಲೂ ಅದು ನನ್ನನ್ನು ನಡುದಾರಿಯಲ್ಲಿ ಕೈಬಿಟ್ಟಿಲ್ಲ. ಬೇಕಾದರೆ ಫೋಟೋ ಹಾಕುತ್ತೇನೆ.

ಆಲ್ದೂರು ತೋಟದವ

ಫೋಟೋ ಬೇಡ, ಪರಿಹಾರ ಬೇಕು. ಬೆಲ್ಟಿನ ಮುಚ್ಚಳ ಎಲ್ಲಿರುತ್ತದೆ ಎಂದು ತಿಳಿಸಿ. ಎಂಜಿನಿನ ಎಡಬದಿ, ಬಲಬದಿ ಎರಡನ್ನೂ ನೋಡಿದೆವು, ನೀವು ಹೇಳುವಂಥ ದೊಡ್ಡ ಪ್ಲಾಸ್ಟಿಕ್ ಮುಚ್ಚಳವಾಗಲಿ ಗಾಳಿಯ ಕೊಳವೆಯಾಗಲಿ ಕಾಣಿಸಲಿಲ್ಲ. ರಬ್ಬರ್ ವಾಸನೆಯೂ ಇಲ್ಲ. ಎಣ್ಣೆ ನೋಡುವ ಕಡ್ಡಿಯನ್ನು ಹೊರತೆಗೆದರೆ ಮಾತ್ರ ಸೀದ ಎಣ್ಣೆಯ ಕಮಟು ವಾಸನೆ ಹೊಡೆಯುತ್ತದೆ.

ಘಾಟಿ ಸವಾರ

ಮುಚ್ಚಳ ಇದ್ದೇ ಇರುತ್ತದೆ, ಸೀಟು ತೆಗೆದು, ಫುಟ್‌ರೆಸ್ಟ್ ಬಿಚ್ಚಿ ನೋಡಿ. ಹಳ್ಳ ದಾಟಿಸಿದ್ದರೆ ಒಳಗೆ ನೀರು ನಿಂತಿರಬಹುದು. ಕೆಳಗಡೆ ನೀರು ಬಿಡುವ ಪ್ಲಗ್ ಒಂದಿರುತ್ತದೆ, ಮೊದಲು ಅದನ್ನು ತೆಗೆಯಿರಿ. ಎಣ್ಣೆಯ ವಾಸನೆಗೂ ಬೆಲ್ಟಿಗೂ ಸಂಬಂಧವಿಲ್ಲ, ಅದನ್ನು ಹಿಡಿದುಕೊಂಡು ದಾರಿ ತಪ್ಪಬೇಡಿ.

ಹಳೆ ಸ್ಪ್ಯಾನರ್, ಹಾಸನ

ಇಲ್ಲದ ಬೆಲ್ಟಿಗಾಗಿ ಇನ್ನು ಯಾವ ಭಾಗವನ್ನೂ ಬಿಚ್ಚಬೇಡಿ. ಎಣ್ಣೆಯ ವಾಸನೆಯೇ ಇಲ್ಲಿ ಮುಖ್ಯ ಸುಳಿವು ಎಂದು ನನಗೆ ತೋರುತ್ತದೆ. ಮೂರು ಪ್ರಶ್ನೆಗಳಿಗೆ ಉತ್ತರಿಸಿ. ಎಡಗಾಲಿನ ಬಳಿ ಗೇರ್ ಪೆಡಲ್ ಇದೆಯೇ? ಎಂಜಿನಿನಿಂದ ಚಕ್ರಕ್ಕೆ ಶಕ್ತಿ ಹೋಗುವುದು ಚೈನಿನಲ್ಲೋ ಶಾಫ್ಟಿನಲ್ಲೋ? ಏರಿನ ತೊಂದರೆ ಶುರುವಾಗುವ ಮುನ್ನ ಗಾಡಿಯಲ್ಲಿ ಬೇರೇನಾದರೂ ಕೆಲಸ ಮಾಡಿಸಿದ್ದಿರೇ?

ಆಲ್ದೂರು ತೋಟದವ

ಗೇರ್ ಪೆಡಲ್ ಇದ್ದೇ ಇದೆಯಲ್ಲ! ಮುಂದಕ್ಕೆ ಐದು ಗೇರು, ಹಿಂದಕ್ಕೆ ಒಂದು. ಇದನ್ನೂ ಬೇರೆಯಾಗಿ ಬರೆಯಬೇಕೆಂದು ಯಾರಿಗೆ ಹೊಳೆಯುತ್ತದೆ? ಕೈಯಲ್ಲಿ ಕ್ಲಚ್ ಹಿಡಿಯುವುದಿಲ್ಲವಾದ್ದರಿಂದ ಆಟೋಮ್ಯಾಟಿಕ್ ಎಂದೆ. ಮುಂದಕ್ಕೂ ಹಿಂದಕ್ಕೂ ಶಾಫ್ಟ್ ಇದೆ, ಚೈನ್ ಇಲ್ಲ. ಗೇರ್ ಬೀಳುವಾಗ ಕಟಕಟ ಎನ್ನುತ್ತದೆ, ಒಂದನೇ ಗೇರಿಗೆ ಹಾಕಿದೊಡನೆ ಗಾಡಿ ಮುಂದಕ್ಕೆ ಜಿಗಿಯುತ್ತದೆ ಎಂದು ಅದೇ ಗ್ಯಾರೇಜಿನವರಿಗೆ ಹೇಳಿದ್ದೆ. ಅವರು ಏನೋ ಒಂದು ಸ್ಕ್ರೂ ತಿರುಗಿಸಿ ಗೇರ್ ಮೆತ್ತಗೆ ಬೀಳುವಂತೆ ಮಾಡಿಕೊಟ್ಟರು. ಏರಿನ ತೊಂದರೆಗೂ ಅದಕ್ಕೂ ಸಂಬಂಧ ಇರಲಾರದು.

ಹಳೆ ಸ್ಪ್ಯಾನರ್, ಹಾಸನ

ಸಂಬಂಧ ಇರುವುದು ಅಲ್ಲಿಯೇ. ನಿಮ್ಮದು ಸಿವಿಟಿ ಅಲ್ಲ, ಎರಡು ಕ್ಲಚ್‌ಗಳಿರುವ ಸೆಮಿ ಆಟೋಮ್ಯಾಟಿಕ್. 1958ರ ಹೋಂಡಾ ಸೂಪರ್ ಕಬ್ ಬೈಕಿನಲ್ಲೂ ಲಿವರ್ ಇಲ್ಲದ ಕ್ಲಚ್ಚೇ ಇತ್ತು. ಅದೇ ಕಂಪನಿ 1970ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಿಟ್ಟ ಮೂರು ಚಕ್ರದ ಎಟಿಸಿಗೂ ಆ ಏರ್ಪಾಟೇ ಬಂತು. ನಮ್ಮಲ್ಲಿ ಹೀರೋ ಹೋಂಡಾ ಸ್ಟ್ರೀಟ್ ಓಡಿಸಿದವರಿಗೆ ಇದು ಹೊಸದಲ್ಲ. ಬೆಲ್ಟಿನ ಪದ್ಧತಿ ಎಟಿವಿಗಳಲ್ಲಿ ಹೆಸರು ಮಾಡಿದ್ದು, ಹಿಮದ ಮೇಲೆ ಓಡುವ ಸ್ನೋಮೊಬೈಲ್‌ಗಳನ್ನು ತಯಾರಿಸುತ್ತಿದ್ದ ಪೊಲಾರಿಸ್ 1985ರಲ್ಲಿ ಎಟಿವಿ ಮಾಡತೊಡಗಿದ ಮೇಲೆ.

ನಿಮ್ಮ ಗಾಡಿಯಲ್ಲಿ ಶಕ್ತಿ ಸಾಗುವ ದಾರಿ ಹೀಗಿದೆ. ಕ್ರ್ಯಾಂಕ್‌ಶಾಫ್ಟಿನ ಮೇಲೆಯೇ ಸೆಂಟ್ರಿಫ್ಯೂಗಲ್ ಕ್ಲಚ್ ಕೂತಿರುತ್ತದೆ: ತಿರುಗುವ ವೇಗಕ್ಕೆ ಶೂಗಳು ಹೊರಕ್ಕೆ ಹಾರಿ ಡ್ರಮ್ಮನ್ನು ಹಿಡಿಯುತ್ತವೆ, ಟಿವಿಎಸ್ ಎಕ್ಸ್‌ಎಲ್ ಹೊರಡುವುದೂ ಇದೇ ರೀತಿಯಲ್ಲಿ. ಡ್ರಮ್ಮಿನಿಂದ ಪ್ರೈಮರಿ ಗೇರ್ ಮೂಲಕ ಶಕ್ತಿ ಎರಡನೆಯ ಕ್ಲಚ್ಚಿಗೆ ಹೋಗುತ್ತದೆ. ಇದು ಬೈಕುಗಳಲ್ಲಿರುವಂಥ ಹಲವು ಪ್ಲೇಟುಗಳ, ಎಣ್ಣೆಯಲ್ಲಿ ಮುಳುಗಿರುವ ಕ್ಲಚ್; ಗೇರ್‌ಬಾಕ್ಸಿನ ಮೇನ್‌ಶಾಫ್ಟಿನ ಮೇಲೆ ಇರುತ್ತದೆ. ಇದನ್ನು ಬಿಡಿಸುವುದು ಕೈಯಲ್ಲ, ಗೇರ್ ಪೆಡಲ್. ಪೆಡಲನ್ನು ಒತ್ತಿದಾಗ ಅಥವಾ ಮೇಲಕ್ಕೆತ್ತಿದಾಗ ಮೊದಲರ್ಧ ಚಲನೆಯಲ್ಲಿ ಕ್ಲಚ್ ಬಿಡುತ್ತದೆ, ಉಳಿದರ್ಧದಲ್ಲಿ ಗೇರ್ ಬೀಳುತ್ತದೆ. ಹೊರಡಿಸುವ ಕೆಲಸ ಮೊದಲನೆಯದರದು, ಗೇರ್ ಬದಲಿಸುವ ಕೆಲಸ ಎರಡನೆಯದರದು.

ಗ್ಯಾರೇಜಿನವರು ತಿರುಗಿಸಿದ್ದು ಈ ಎರಡನೆಯ ಕ್ಲಚ್ಚಿನ ಆಡ್ಜಸ್ಟ್ ಸ್ಕ್ರೂ ಇರಬೇಕು. ಅದನ್ನು ಮಿತಿಮೀರಿ ಬಿಗಿದರೆ, ಯಾರೂ ಪೆಡಲ್ ಮುಟ್ಟದಿದ್ದರೂ ಎರಡನೆಯ ಕ್ಲಚ್ ಅರೆಬರೆ ಬಿಟ್ಟೇ ಇರುತ್ತದೆ. ಆಗ ಗೇರ್ ಬೆಣ್ಣೆಯಂತೆ ಬೀಳುತ್ತದೆ, ಆದರೆ ಭಾರ ಬಿದ್ದಾಗ ಪ್ಲೇಟ್ ಜಾರಿ ಕಾಯುತ್ತದೆ, ಕಾದ ಪ್ಲೇಟ್ ಎಣ್ಣೆಯನ್ನೂ ಸುಡುತ್ತದೆ. ಕಡ್ಡಿಯಲ್ಲಿ ಬರುತ್ತಿರುವ ವಾಸನೆ ಇದೇ ಎಂದು ನನ್ನ ಅಂದಾಜು.

ಘಾಟಿ ಸವಾರ

ಅಂದಾಜಿನ ಮೇಲೆ ಎಂಜಿನ್ ಬಿಚ್ಚಿಸಬೇಡಿ. ಶೂಗಳೇ ಸವೆದಿರಬಾರದೇಕೆ? ಎಣ್ಣೆಯೂ ಕಾರಣವಿರಬಹುದು. ತೋಟದಲ್ಲಿ ಕಾರಿಗೆ ತಂದ ಎಣ್ಣೆಯನ್ನೇ ಎಲ್ಲದಕ್ಕೂ ಸುರಿಯುವ ಪದ್ಧತಿ ಇದೆ.

ಸಕಲೇಶಪುರದ ಜೀಪಿನವ

ಎಣ್ಣೆಯಲ್ಲಿ ಅಂಥದ್ದೇನಿದೆ? ನಮ್ಮ ಕಡೆ ಪಂಪ್‌ಸೆಟ್, ಟಿಲ್ಲರ್, ಜೀಪು ಎಲ್ಲಕ್ಕೂ 20ಡಬ್ಲ್ಯೂ-40 ಒಂದೇ. ಏನೂ ಆಗಿಲ್ಲ.

ಘಾಟಿ ಸವಾರ

ಜೀಪಿನ ಕ್ಲಚ್ ಎಣ್ಣೆಯಲ್ಲಿ ಮುಳುಗಿರುವುದಿಲ್ಲ, ಆದ್ದರಿಂದ ನಿಮ್ಮ ಉದಾಹರಣೆ ಇಲ್ಲಿ ಸಲ್ಲುವುದಿಲ್ಲ. ಡಬ್ಬಿಯ ಮೇಲೆ ಜಾಸೋ ಎಂಎ ಎಂದಿರಬೇಕು, ಅದು ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ಚಿಗೆ ಹೊಂದುವ ಎಣ್ಣೆಗೆ ಜಪಾನಿನ ಮಾನದಂಡದ ಗುರುತು. ಎಂಬಿ ಎಂದಿದ್ದರೆ ಅದು ಜಾರಿಕೆ ಹೆಚ್ಚಿನ ಎಣ್ಣೆ, ಸಿವಿಟಿ ಸ್ಕೂಟರುಗಳಿಗೆ ಸರಿ.

ಹಳೆ ಸ್ಪ್ಯಾನರ್, ಹಾಸನ

ಎಣ್ಣೆಯ ಮಾತು ಸರಿಯೇ, ಆದರೆ ಅದೊಂದನ್ನೇ ಎಳೆದಾಡಿದರೆ ಕೊಯ್ಲು ಮುಗಿದುಹೋಗುತ್ತದೆ. 20ಡಬ್ಲ್ಯೂ-40 ಎನ್ನುವುದು ಎಣ್ಣೆಯ ದಪ್ಪವನ್ನು ಹೇಳುತ್ತದೆಯೇ ಹೊರತು ಘರ್ಷಣೆಯನ್ನಲ್ಲ. ಒಂದೇ ದಪ್ಪದ ಎರಡು ಎಣ್ಣೆಗಳಲ್ಲಿ ಒಂದು ಕ್ಲಚ್ಚಿಗೆ ಹೊಂದಿ ಇನ್ನೊಂದು ಹೊಂದದಿರಬಹುದು.

ಶೂ ಜಾರುತ್ತಿದೆಯೋ ಪ್ಲೇಟ್ ಜಾರುತ್ತಿದೆಯೋ ಎಂಬುದನ್ನು ಏನನ್ನೂ ಬಿಚ್ಚದೆ ತಿಳಿಯಬಹುದು. ಶೂಗಳ ಹಿಡಿತಕ್ಕೆ ಮೂಲ ತಿರುಗುವ ವೇಗ. ವೇಗ ಎರಡರಷ್ಟಾದರೆ ಹೊರಕ್ಕೊತ್ತುವ ಬಲ ನಾಲ್ಕರಷ್ಟಾಗುತ್ತದೆ. ಆದ್ದರಿಂದ ಶೂ ಸವೆದ ಗಾಡಿ ಹೊರಡುವಾಗ ತಡವರಿಸಿದರೂ ಎಂಜಿನನ್ನು ರೇಸ್ ಮಾಡಿದಂತೆ ಕಚ್ಚಿಕೊಳ್ಳುತ್ತದೆ. ಪ್ಲೇಟಿನ ಹಿಡಿತ ಸ್ಪ್ರಿಂಗಿನದು, ಎಂಜಿನ್ ಎಷ್ಟು ಕೂಗಿದರೂ ಅದು ಹೆಚ್ಚುವುದಿಲ್ಲ. ಟ್ರೇಲರ್ ಕಳಚಿ, ಸಮತಟ್ಟು ದಾರಿಯಲ್ಲಿ ಮೇಲಿನ ಗೇರಿಗೆ ಹಾಕಿ, ಒಂದೇ ವೇಗದಲ್ಲಿ ಹೋಗುತ್ತಿರುವಾಗ ಥಟ್ಟನೆ ಪೂರ್ತಿ ಆಕ್ಸಿಲರೇಟರ್ ಕೊಡಿ. ಎಂಜಿನಿನ ಸದ್ದು ಒಮ್ಮೆಲೇ ಏರಿ ಗಾಡಿಯ ವೇಗ ಅದರ ಹಿಂದೆ ಬರದಿದ್ದರೆ ಪ್ಲೇಟ್ ಜಾರಿದೆ ಎಂದರ್ಥ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಗಾಡಿಯನ್ನು ತಡೆಹಿಡಿಯುತ್ತದೆಯೇ ಎಂಬುದನ್ನೂ ಗಮನಿಸಿ. ಆಗ ಡ್ರಮ್ಮಿನೊಳಗಿನ, ಒಂದೇ ದಿಕ್ಕಿನಲ್ಲಿ ಹಿಡಿಯುವ ಒನ್‌ವೇ ಕ್ಲಚ್ ಶೂಗಳ ನೆರವಿಲ್ಲದೆಯೇ ಕ್ರ್ಯಾಂಕನ್ನು ಹಿಡಿಯುತ್ತದೆ. ಆ ತಡೆಯೂ ಸಡಿಲವಾಗಿದ್ದರೆ ಶೂಗಳನ್ನು ದೂರಿ ಪ್ರಯೋಜನವಿಲ್ಲ.

ಆಲ್ದೂರು ತೋಟದವ

ಮೇಲಿನ ಗೇರಿನಲ್ಲಿ ಸದ್ದು ಏರಿತು, ಗಾಡಿಯ ವೇಗ ಏರಲಿಲ್ಲ. ಇಳಿಜಾರಿನಲ್ಲೂ ತಡೆ ಮೊದಲಿನಷ್ಟಿಲ್ಲ. ಆ ಸ್ಕ್ರೂ ಎಲ್ಲಿದೆ ಎಂದು ಹೇಳಿ. ಬಲಬದಿಯಲ್ಲಿ ಹುಡುಕಿದರೆ ಸಿಗುತ್ತಿಲ್ಲ.

ಹಳೆ ಸ್ಪ್ಯಾನರ್, ಹಾಸನ

ಬಲಬದಿಯಲ್ಲಿ ಇರುವುದು ಬೈಕಿನಂತೆ ಕ್ರ್ಯಾಂಕ್ ಅಡ್ಡಲಾಗಿ ಕೂತಿರುವ ಎಂಜಿನಿನಲ್ಲಿ. ಚೈನಿನ ಗಾಡಿಗಳಿಗೆ ಆ ಏರ್ಪಾಟು ಅನುಕೂಲ. ನಿಮ್ಮಂಥ ಹಲವು ಶಾಫ್ಟ್ ಗಾಡಿಗಳಲ್ಲಿ ಕ್ರ್ಯಾಂಕ್ ಗಾಡಿಯ ಉದ್ದಕ್ಕೆ ಇರುತ್ತದೆ. ಹಾಗಿದ್ದಾಗ ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟ್ ನೇರವಾಗಿ ಮುಂದಕ್ಕೂ ಹಿಂದಕ್ಕೂ ಸಾಗುತ್ತದೆ, ಎಂಜಿನಿನೊಳಗೆ ಶಕ್ತಿಯನ್ನು ಅಡ್ಡ ತಿರುಗಿಸುವ ಬೆವೆಲ್ ಗೇರ್ ಬೇಕಾಗುವುದಿಲ್ಲ. ಆದರೆ ಬೈಕಿನಲ್ಲಿ ಬಲಕ್ಕಿರಬೇಕಾದ ಕ್ಲಚ್ ಮುಚ್ಚಳ ಇಲ್ಲಿ ಎಂಜಿನಿನ ಮೂತಿಗೆ ಬಂದಿರುತ್ತದೆ. ಮುಂದಿನ ಬಂಪರಿನ ಕಡೆಯಿಂದ ಬಗ್ಗಿ ನೋಡಿ: ಮುಚ್ಚಳದ ಮೇಲೆ ನಟ್, ಅದರ ನಡುವೆ ಸ್ಕ್ರೂಡ್ರೈವರಿನ ಗೀರು ಇರುವ ತುದಿ.

ಎಂಜಿನ್ ಆರಿಸಿ, ತಣ್ಣಗಾದ ಮೇಲೆ ನಟ್ ಸಡಿಲಿಸಿ. ಸ್ಕ್ರೂವನ್ನು ಅಪ್ರದಕ್ಷಿಣವಾಗಿ ನಿಧಾನಕ್ಕೆ ತಿರುಗಿಸುತ್ತ ಬಂದರೆ ಒಂದು ಕಡೆ ಕೈಗೆ ಸಣ್ಣ ತಡೆ ಸಿಗುತ್ತದೆ. ಅಲ್ಲಿಂದ ಕಾಲು ಸುತ್ತು ಪ್ರದಕ್ಷಿಣವಾಗಿ ಹಿಂದಕ್ಕೆ ಬಂದು, ಸ್ಕ್ರೂ ಅಲ್ಲಾಡದಂತೆ ಹಿಡಿದುಕೊಂಡೇ ನಟ್ ಬಿಗಿಯಿರಿ. ಕೆಲವು ಎಂಜಿನ್‌ಗಳಲ್ಲಿ ದಿಕ್ಕೂ ಅಳತೆಯೂ ಬೇರೆ ಇರುವುದರಿಂದ ಸಾಧ್ಯವಾದರೆ ನಿಮ್ಮ ಮಾದರಿಯ ಕೈಪಿಡಿಯನ್ನು ನೋಡಿಕೊಳ್ಳಿ.

ಇನ್ನೊಂದು ಮಾತು. ಗಾಡಿ ಓಡಿಸುವವರ ಎಡಗಾಲು ಏರಿನಲ್ಲಿ ಎಲ್ಲಿರುತ್ತದೆ ಎಂದು ಪಕ್ಕದಲ್ಲಿ ನಿಂತು ನೋಡಿ.

ಆಲ್ದೂರು ತೋಟದವ

ಸ್ಕ್ರೂ ಮುಂದೆಯೇ ಇತ್ತು, ತಡೆ ಸಿಗುವ ಜಾಗವನ್ನೂ ದಾಟಿ ಬಿಗಿದಿದ್ದರು. ಕಾಲಿನ ವಿಷಯವನ್ನೂ ನೋಡಿದೆ. ನಮ್ಮ ಡ್ರೈವರ್ ಪಲ್ಪರ್ ಮನೆಯಲ್ಲಿ ತೊಟ್ಟ ಗಮ್ ಬೂಟಿನಲ್ಲೇ ಗಾಡಿ ಹತ್ತುತ್ತಾನೆ. ಏರು ಬಂದೊಡನೆ ಮುಂದಕ್ಕೆ ವಾಲಿ ಕೂರುತ್ತಾನೆ, ಆಗ ಬೂಟಿನ ದಪ್ಪ ಮೂತಿ ಪೆಡಲಿನ ಕೆಳಗೆ ಸಿಕ್ಕಿ ಅದನ್ನು ಒಂದು ಬೆರಳಿನಷ್ಟು ಮೇಲಕ್ಕೆತ್ತಿ ಹಿಡಿದಿರುತ್ತದೆ. ಅವನಿಗೆ ಅದು ಗೊತ್ತೇ ಆಗುವುದಿಲ್ಲ.

ಈಗ ಅರ್ಧ ಹೇರು ಹಾಕಿದರೆ ಬಿಸಿಲಿನಲ್ಲೂ ಏರು ಹತ್ತುತ್ತದೆ. ಪೂರ್ತಿ ಹೇರಿಗೆ ಇನ್ನೂ ಜಾರುತ್ತದೆ. ಗೇರ್ ಮತ್ತೆ ಕಟಕಟ ಎನ್ನುತ್ತಿದೆ, ಒಂದನೇ ಗೇರಿಗೆ ಜಿಗಿಯುವುದೂ ಶುರುವಾಗಿದೆ.

ಘಾಟಿ ಸವಾರ

ಇಷ್ಟೆಲ್ಲ ರಗಳೆ ಇರುವುದರಿಂದಲೇ ಬೆಲ್ಟಿನ ಗಾಡಿ ಮೇಲು ಎಂದು ನಾನು ಹೇಳುವುದು. ಅಲ್ಲಿ ಪೆಡಲೂ ಇಲ್ಲ, ಬೂಟಿನ ಕಾಟವೂ ಇಲ್ಲ.

ಹಳೆ ಸ್ಪ್ಯಾನರ್, ಹಾಸನ

ಅದಕ್ಕೆ ಬೇರೆ ಚರ್ಚೆ ತೆರೆಯಿರಿ, ಅಲ್ಲಿ ನನ್ನದೂ ನಾಲ್ಕು ಮಾತು ಇದೆ. ನೀರಿಳಿದ ಬೆಲ್ಟನ್ನು ಹಳ್ಳದ ನಡುವೆ ಒಣಗಿಸಿಕೊಂಡವರಿಗೆ ಅದರ ರಗಳೆ ಗೊತ್ತು.

ಆಲ್ದೂರಿನವರೇ, ಗೇರಿನ ಕಟಕಟಕ್ಕೆ ಮೂಲ ಎರಡನೆಯ ಕ್ಲಚ್ ಆಗಿರಲೇ ಇಲ್ಲ. ಚಳಿಗಾಲದ ಬೆಳಿಗ್ಗೆ ಗಾಡಿ ಆರಿಹೋಗುತ್ತದೆಂದು ಯಾರೋ ಐಡ್ಲಿಂಗ್ (ಆಕ್ಸಿಲರೇಟರ್ ಮುಟ್ಟದಿರುವಾಗ ಎಂಜಿನ್ ತಿರುಗುವ ವೇಗ) ಏರಿಸಿರಬೇಕು. ಐಡ್ಲಿಂಗ್ ಹೆಚ್ಚಾದರೆ ನಿಂತಿದ್ದಾಗಲೂ ಶೂಗಳು ಡ್ರಮ್ಮನ್ನು ಪೂರ್ತಿ ಬಿಡುವುದಿಲ್ಲ, ಆದ್ದರಿಂದಲೇ ಗಾಡಿ ಜಿಗಿಯುತ್ತದೆ. ಎಂಜಿನ್ ಕಾದ ಮೇಲೆ ಕಾರ್ಬೊರೇಟರಿನ ಸ್ಕ್ರೂ ಇಳಿಸಿ, ಗೇರಿನಲ್ಲಿದ್ದೂ ಸಮತಟ್ಟಿನಲ್ಲಿ ಗಾಡಿ ತೆವಳದ ಹಂತಕ್ಕೆ ತನ್ನಿ. ಬೆಳಗಿನ ಚಳಿಗೆ ಚೋಕ್ ಇದೆ.

ಪೂರ್ತಿ ಹೇರಿಗೆ ಜಾರುತ್ತಿರುವುದರಿಂದ ಪ್ಲೇಟುಗಳು ಸುಟ್ಟಿವೆ ಎಂದೇ ಇಟ್ಟುಕೊಳ್ಳಿ. ಫ್ರಿಕ್ಷನ್ ಪ್ಲೇಟ್, ಸ್ಪ್ರಿಂಗ್, ಮುಚ್ಚಳದ ಗ್ಯಾಸ್ಕೆಟ್ ಒಟ್ಟಿಗೇ ತರಿಸಿ. ಸ್ಟೀಲ್ ಪ್ಲೇಟುಗಳನ್ನು ಗಾಜಿನ ಮೇಲಿಟ್ಟು ನೋಡಿ, ಡೊಂಕಾಗಿದ್ದರೆ ಅವನ್ನೂ ಬದಲಿಸಿ. ಹೊಸ ಫ್ರಿಕ್ಷನ್ ಪ್ಲೇಟುಗಳನ್ನು ಹಾಕುವ ಮೊದಲು ಎಂಜಿನ್ ಎಣ್ಣೆಯಲ್ಲಿ ನೆನೆಸಿಡಬೇಕು.

ಆಲ್ದೂರು ತೋಟದವ

ಐಡ್ಲಿಂಗ್ ಇಳಿಸಿದೆ, ಜಿಗಿತ ನಿಂತಿತು. ಪ್ಲೇಟುಗಳು ಚಿಕ್ಕಮಗಳೂರಿನಲ್ಲಿ ಸಿಗಲಿಲ್ಲ, ಬೆಂಗಳೂರಿಗೆ ಹೇಳಿದ್ದೇನೆ. ಮುಚ್ಚಳ ಹೇಗೂ ತೆಗೆಯುವುದರಿಂದ ಶೂಗಳನ್ನೂ ಬದಲಿಸಿಬಿಡಲೇ?

ಹಳೆ ಸ್ಪ್ಯಾನರ್, ಹಾಸನ

ಸುಮ್ಮನೆ ಬದಲಿಸಬೇಡಿ. ಡ್ರಮ್ಮಿನ ಒಳಮೈಯಲ್ಲಿ ಗೀರು ಅಥವಾ ನೀಲಿ ಕಲೆ ಇದ್ದರೆ, ಶೂಗಳ ಲೈನಿಂಗಿನಲ್ಲಿ ತೋಡು ಕಾಣದಷ್ಟು ಸವೆದಿದ್ದರೆ ಮಾತ್ರ ಕೈಹಾಕಿ. ಕ್ರ್ಯಾಂಕಿನ ತುದಿಯ ನಟ್ ಕೆಲವು ಎಂಜಿನ್‌ಗಳಲ್ಲಿ ಉಲ್ಟಾ ಥ್ರೆಡ್ಡಿನದು, ಮಾಮೂಲಿಯಂತೆ ಬಿಚ್ಚಹೋದರೆ ಇನ್ನಷ್ಟು ಬಿಗಿಯಾಗುತ್ತದೆ. ಡ್ರಮ್ ಹೊರಬಂದರೆ ಅದರೊಳಗಿನ ಒನ್‌ವೇ ಕ್ಲಚ್ ಯಾವ ಮಗ್ಗುಲಿಗಿತ್ತು ಎಂದು ಬಿಚ್ಚುವಾಗಲೇ ಗುರುತು ಹಾಕಿಟ್ಟುಕೊಳ್ಳಿ. ತಿರುಗುಮುರುಗಾಗಿ ಕೂತರೆ ಇಳಿಜಾರಿನಲ್ಲಿ ಎಂಜಿನ್ ಗಾಡಿಯನ್ನು ಹಿಡಿಯುವುದಿಲ್ಲ, ಟ್ರೇಲರ್ ಕಟ್ಟಿದ ಗಾಡಿಗೆ ಅದು ಈಗಿನ ತೊಂದರೆಗಿಂತ ದೊಡ್ಡ ಅಪಾಯ.