ಕಾಕಾ ಕಳಿಸಿದ ಮೊಸರಿನ ಸಂದೇಶ

ಕಾಕಾ (ಕಲಬುರಗಿ), ಬೆಳಿಗ್ಗೆ 6.40
[ಫಾರ್ವರ್ಡ್] ಮೊಸರಿನ ಬ್ಯಾಕ್ಟೀರಿಯಾದಲ್ಲಿರುವ ಕಿಣ್ವವು ವೈರಸ್ಸಿನ ಎಂಆರ್‌ಎನ್‌ಎಯನ್ನು ತುಂಡುತುಂಡು ಮಾಡುತ್ತದೆ. ಜ್ವರ ಬಂದವರು ಖಾಲಿ ಹೊಟ್ಟೆಯಲ್ಲಿ ಒಂದು ಬಟ್ಟಲು ಮೊಸರು ತಿಂದರೆ ಸಾಕು, ಮಾತ್ರೆ ಬೇಕಿಲ್ಲ. ಹತ್ತು ಜನರಿಗೆ ಕಳಿಸಿರಿ.

ಕಾಕಾ
ನಮ್ಮವ್ವ ಇದನ್ನೇ ಹೇಳುತ್ತಿದ್ದಳು. ಈಗ ವಿಜ್ಞಾನವೂ ಒಪ್ಪಿಕೊಂಡಿದೆ.

ನಾನು, 7.15
ಕಾಕಾ, ಆಡುಮಾತಿನಲ್ಲಿ ಬರೆದರೆ ಜಗಳಕ್ಕೆ ನಿಂತಂತೆ ಕಾಣುತ್ತದೆಂದು ಬರಹದ ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ. ಎಂಆರ್‌ಎನ್‌ಎ ಎಂದರೆ ಪ್ರೋಟೀನ್ ತಯಾರಿಸಲು ಜೀನಿನಿಂದ ನಕಲಾಗುವ ಆದೇಶದ ಚೀಟಿ. ಬ್ಯಾಕ್ಟೀರಿಯಾದ ಕಿಣ್ವಗಳು ವೈರಸ್ಸಿನ ಎಂಆರ್‌ಎನ್‌ಎಯನ್ನು ಕತ್ತರಿಸುವುದು ನಿಜ. ಆದರೆ ಆ ವೈರಸ್ ನಮಗೆ ಜ್ವರ ತರುವಂಥದ್ದಲ್ಲ, ಬ್ಯಾಕ್ಟೀರಿಯಾಕ್ಕೇ ತಗಲುವ ಫೇಜ್, ಮತ್ತು ಕತ್ತರಿಸುವ ಕೆಲಸ ನಡೆಯುವುದು ಆ ಬ್ಯಾಕ್ಟೀರಿಯಾದ ಒಡಲೊಳಗೆ. ನಮ್ಮ ಜ್ವರದ ವೈರಸ್ ತನ್ನ ಎಂಆರ್‌ಎನ್‌ಎಯನ್ನು ನಮ್ಮ ಜೀವಕೋಶದೊಳಗೆ ಮಾಡಿಕೊಳ್ಳುತ್ತದೆ. ಮೊಸರಿನ ಕಿಣ್ವಕ್ಕೆ ಅಲ್ಲಿಗೆ ದಾರಿಯಿಲ್ಲ. ಅದೂ ಪ್ರೋಟೀನೇ ಆದ್ದರಿಂದ ಹೊಟ್ಟೆಯಲ್ಲಿ ತೊಗರಿಬೇಳೆಯಂತೆ ಅರಗಿಹೋಗುತ್ತದೆ.

ಅಣ್ಣ (ಬೀದರ್)
ಬ್ಯಾಕ್ಟೀರಿಯಾದೊಳಗಾದರೂ ಆ ಕಿಣ್ವ ಫೇಜನ್ನು ಮುಗಿಸುತ್ತದೆ ತಾನೇ? ಹಾಗಿದ್ದರೆ ಕಾಕಾ ಅರ್ಧ ಗೆದ್ದಂತಾಯಿತು.

ನಾನು, 7.38
ಮುಗಿಸುವುದೇ ಆಗಿದ್ದರೆ ಡೈರಿಗಳಿಗೆ ತಾಪತ್ರಯವೇ ಇರುತ್ತಿರಲಿಲ್ಲ. ಫೇಜ್ ತಗಲಿ ಹೆಪ್ಪಿನ ಬ್ಯಾಕ್ಟೀರಿಯಾಗಳೇ ಸತ್ತು, ಚೀಸಿಗೆಂದು ಇಟ್ಟ ಹಾಲು ಹುಳಿಯೇರದೆ ಉಳಿಯುವುದು 1930ರ ದಶಕದಿಂದಲೂ ಗೊತ್ತಿರುವ ಸಂಗತಿ.

ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾದಲ್ಲಿ ಆರ್‌ಎನ್‌ಏಸ್ ಇ ಎಂಬ ಕಿಣ್ವವಿದೆ. ಅದು ಇರುವುದು ಯುದ್ಧಕ್ಕಲ್ಲ, ಮನೆಗೆಲಸಕ್ಕೆ: ಬ್ಯಾಕ್ಟೀರಿಯಾ ತನ್ನದೇ ಎಂಆರ್‌ಎನ್‌ಎಯನ್ನು ಬರೆದ ಕೆಲವೇ ನಿಮಿಷಗಳಲ್ಲಿ ಹರಿದುಹಾಕುತ್ತದೆ, ಇಲ್ಲದಿದ್ದರೆ ಹಳೆಯ ಆದೇಶಗಳು ಉಳಿದುಕೊಂಡು ಹೊಸ ಕೆಲಸ ಸಾಗುವುದಿಲ್ಲ. ಇ. ಕೋಲಿಗೆ ತಗಲುವ ಟಿ7 ಎಂಬ ಫೇಜ್ ಒಳಹೊಕ್ಕಾಗ ಈ ಕಿಣ್ವಕ್ಕೆ ಫಾಸ್ಫೇಟ್ ಅಂಟಿಸಿ ಅದರ ಹರಿತ ತಗ್ಗಿಸುತ್ತದೆ. ಇ. ಕೋಲಿಗೇ ತಗಲುವ ಟಿ4 ಎಂಬ ಇನ್ನೊಂದು ಫೇಜಿನ ಕಥೆ ಇನ್ನೂ ಸ್ವಾರಸ್ಯದ್ದು. ಆರ್‌ಎನ್‌ಎಲ್‌ಎ ಎಂಬ ಇ. ಕೋಲಿಯ ಇನ್ನೊಂದು ಕತ್ತರಿ-ಕಿಣ್ವವನ್ನು ಆರ್‌ಎನ್‌ಎಲ್‌ಬಿ ಎಂಬ ಪ್ರೋಟೀನ್ ಒರೆಯಂತೆ ಮುಚ್ಚಿಕೊಂಡಿರುತ್ತದೆ. ಫೇಜ್ ಬಂದು ಬ್ಯಾಕ್ಟೀರಿಯಾದ ಜೀನುಗಳನ್ನು ನಿಲ್ಲಿಸಿದೊಡನೆ ಬೇಗ ಹಾಳಾಗುವ ಆ ಒರೆ ಹೊಸದಾಗಿ ತಯಾರಾಗದೆ, ಕತ್ತರಿ ಬಯಲಾಗಿ ಫೇಜಿನ ಎಂಆರ್‌ಎನ್‌ಎಗೆ ಬೀಳುತ್ತದೆ. ಆದರೆ ಟಿ4 ತನ್ನದೇ ಡಿಎಂಡಿ ಎಂಬ ಪ್ರೋಟೀನನ್ನು ಒರೆಯಾಗಿ ತಂದಿರುತ್ತದೆ. ಡಿಎಂಡಿ ಕೆಟ್ಟ ಟಿ4 ಮಾತ್ರ ಅಲ್ಲಿ ಸೋಲುತ್ತದೆ.

ಕಾಕಾ
ಅಂದರೆ ನಿನ್ನ ಈ ಕತ್ತರಿ ಯಾರ ಪಕ್ಷ, ತಂಗಿ?

ನಾನು
ಯಾರ ಪಕ್ಷವೂ ಅಲ್ಲ, ಕಾಕಾ. ಆ ಸಂದೇಶದೊಂದಿಗೆ ನನ್ನ ತಕರಾರು ಇರುವುದೇ ಇಲ್ಲಿ. ಟಿ7 ತನ್ನ ಆರಂಭದ ಜೀನುಗಳನ್ನು ಒಂದೇ ಉದ್ದನೆಯ ಎಳೆಯಾಗಿ ಬರೆಸುತ್ತದೆ, ಅದನ್ನು ಐದು ಎಂಆರ್‌ಎನ್‌ಎಗಳಾಗಿ ಕತ್ತರಿಸಿಕೊಡುವುದು ಬ್ಯಾಕ್ಟೀರಿಯಾದ್ದೇ ಆದ ಇನ್ನೊಂದು ಕಿಣ್ವ ಆರ್‌ಎನ್‌ಏಸ್ 3. ಬಂದ ಕಳ್ಳನಿಗೆ ಮನೆಯ ದರ್ಜಿಯೇ ಅಂಗಿ ಹೊಲಿದುಕೊಟ್ಟಂತೆ.

ಅತ್ತಿ (ಯಾದಗಿರಿ)
ಆರ್‌ಎನ್‌ಎ ಕತ್ತರಿಸುವ ಅಂಥ ಕಿಣ್ವ ನಮ್ಮ ಮೈಯಲ್ಲಿ ಇಲ್ಲವೇ?

ನಾನು, 8.02
ಧಾರಾಳವಾಗಿದೆ, ಅತ್ತಿ, ಚರ್ಮದ ಮೇಲೂ ಇದೆ. ಎಂ.ಎಸ್ಸಿ. ಓದುವಾಗ ಕೈಗವಸಿಲ್ಲದೆ ಆರ್‌ಎನ್‌ಎ ಇದ್ದ ಒಂದು ಟ್ಯೂಬಿನ ಮುಚ್ಚಳದ ಒಳಬದಿ ಮುಟ್ಟಿದೆ. ಮರುದಿನ ಆರ್‌ಎನ್‌ಎಯನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸಿ ತೋರಿಸುವ ಜೆಲ್ಲಿನಲ್ಲಿ ಎರಡು ಸ್ಪಷ್ಟ ಪಟ್ಟೆಗಳು ಮೂಡಬೇಕಿದ್ದ ಜಾಗದಲ್ಲಿ ಕೆಳಗೆ ಒರೆಸಿದಂಥ ಮಸುಕು ಮಾತ್ರ ಇತ್ತು, ಅಂದರೆ ಆರ್‌ಎನ್‌ಎ ಚೂರುಚೂರಾಗಿತ್ತು. ಬೆರಳಿನ ಕಿಣ್ವಕ್ಕೆ ಅಷ್ಟು ಶಕ್ತಿಯಿದ್ದೂ ನಮಗೆ ಫ್ಲೂ ಬರುತ್ತದೆ, ಏಕೆಂದರೆ ಹೊರಗಿರುವಾಗ ವೈರಸ್ಸಿನ ಆರ್‌ಎನ್‌ಎ ಕವಚದೊಳಗೆ ಭದ್ರವಾಗಿರುತ್ತದೆ.

ಕಾಕಾ
ಅಂದರೆ ಮೊಸರು ತಿನ್ನಬಾರದೆನ್ನುತ್ತೀಯಾ?

ನಾನು
ಜೋಳದ ರೊಟ್ಟಿಯೊಂದಿಗೆ ಹೊಟ್ಟೆ ತುಂಬ ತಿನ್ನಿರಿ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಮಾತ್ರ ಬಿಡಬೇಡಿರಿ, ಆ ಸಂದೇಶವನ್ನು ಮುಂದೆ ಕಳಿಸಲೂಬೇಡಿರಿ.

ಕಾಕಾ
ಆರು ಜನರಿಗೆ ಆಗಲೇ ಹೋಗಿದೆ. ಅವರಿಗೆ ನಿನ್ನ ಈ ಬರಹವನ್ನೂ ಕಳಿಸುತ್ತೇನೆ, ದರ್ಜಿಯ ಭಾಗ ಸೇರಿಸಿ.

ಅತ್ತಿ
ನನಗೆ ಮೊಸರಿನದೇ ಎರಡು ಸಲ ಬಂದಿದೆ.